ಸೋತವರಿಗೂ ಸಮಪಾಲು

ದೊಡ್ಡ ಕ್ರಿಕೆಟ್ ಪಂದ್ಯಾವಳಿ ಶುರುವಾದಾಗಲೆಲ್ಲ ನಮ್ಮ ಬೀದಿಯಲ್ಲಿ ಒಂದು ಪ್ರಶ್ನೆ ಏಳುತ್ತದೆ. ತಂಡ ಮೇಲಿಂದ ಮೇಲೆ ಸೋಲುತ್ತಿದ್ದರೂ ಅದರ ಯಜಮಾನರು ಕಪ್ಪು ಕನ್ನಡಕ ಹಾಕಿಕೊಂಡು ಟಿವಿಯಲ್ಲಿ ನಗುತ್ತಾ ಕೂತಿರುತ್ತಾರಲ್ಲ, ಇವರಿಗೆ ನಷ್ಟವೇ ಆಗುವುದಿಲ್ಲವೇ? ಪಕ್ಕದ ಮನೆಯ ನಿವೃತ್ತ ರೈಲ್ವೆ ಗಾರ್ಡು ಟಿಕೆಟ್ ದುಡ್ಡೇ ಸಾಕಲ್ಲ ಅನ್ನುತ್ತಾರೆ. ಅವರ ಮಗಳು ಗೆದ್ದ ಕಪ್ಪಿನ ಜೊತೆ ದುಡ್ಡು ಕೊಡುತ್ತಾರಂತೆ ಅನ್ನುತ್ತಾಳೆ. ನಾನು ಕಾಫಿ ಲೋಟ ಕೆಳಗಿಟ್ಟು, "ಟಿಕೆಟ್ಟೂ ಅಲ್ಲ, ಕಪ್ಪೂ ಅಲ್ಲ. ಟಿವಿ" ಅನ್ನುತ್ತೇನೆ. ಬಂಗಾರಪೇಟೆಯ ಹೈಸ್ಕೂಲಿನಲ್ಲಿ ಹಳಗನ್ನಡ ಪಾಠ ಹೇಳಿ ನಿವೃತ್ತಳಾದ ಹೆಂಗಸಿಗೆ ಇದೆಲ್ಲ ಹೇಗೆ ಗೊತ್ತೆಂದು ಅವರು ಹುಬ್ಬೇರಿಸುತ್ತಾರೆ. ನನಗೆ ಅದನ್ನು ಕಲಿಸಿದವರು ಅಂಗಿ ಜೇಬಿನಲ್ಲಿ ಕಟಿಂಗ್ ಪ್ಲೇಯರ್ ಇಟ್ಟುಕೊಂಡು ಕಂಬ ಹತ್ತುತ್ತಿದ್ದ ಒಬ್ಬ ಕೇಬಲ್ಲಿನವರು.

ಅವರು ತೀರಿಕೊಂಡು ಎರಡು ತಿಂಗಳಾಯಿತು. ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ತಮ್ಮದೇ ಚಾನೆಲ್ಲಿನಲ್ಲಿ ಊರಿನ ಎಲ್ಲರ ಹುಟ್ಟುಹಬ್ಬಕ್ಕೂ ಫೋಟೊ ಹಾಕುತ್ತಿದ್ದ ಮನುಷ್ಯ, ತಮ್ಮ ಹೆಸರನ್ನು ಒಂದು ಸಲವೂ ಪರದೆಯ ಮೇಲೆ ಓಡಿಸಲಿಲ್ಲ. ಸತ್ತ ಮೇಲೆ ನಾನು ಆ ಶಿಸ್ತು ಮುರಿದರೆ ಕನಸಿನಲ್ಲಿ ಬಂದು ಬೈದಾರು.

ಬೇತಮಂಗಲದ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಹರೆಯದಲ್ಲೇ ಚಿನ್ನದ ಗಣಿಗೆ ಸೇರಿದವರು. ಭೂಮಿಯೊಳಗೆ ದೀಪದ ವೈರು ಎಳೆಯುವ ಕೆಲಸ. ಗಣಿ ಮುಚ್ಚಿದ ಮೇಲೆ ಸಂಗಡಿಗರೆಲ್ಲ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗತೊಡಗಿದಾಗ ಇವರು ಉರಿಗಾಂನಲ್ಲಿ ಒಂದು ಕೋಣೆ ಹಿಡಿದು ಕೇಬಲ್ ಶುರು ಮಾಡಿದರು. ಕಂಬ ಹತ್ತಲು ಭಯವಾಗುವುದಿಲ್ಲವೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಬಿದ್ರೆ ನೆಲದ ಮೇಲ್ ತಾನೆ ಬೀಳೋದು ಟೀಚರಮ್ಮ? ಅಲ್ಲಿ ನೆಲಾನೇ ನಮ್ಮೇಲೆ ಬೀಳ್ತಿತ್ತು" ಎಂದಿದ್ದರು.

ಗಣಿಯ ಧೂಳು ಅವರ ಎದೆಯೊಳಗೆ ಉಳಿದುಬಿಟ್ಟಿತ್ತು. ಕಂಬವಾಗಲಿ ಮೆಟ್ಟಿಲಾಗಲಿ, ನಾಲ್ಕು ಹೆಜ್ಜೆ ಹತ್ತಿದರೆ ನಿಂತು ಸುಧಾರಿಸಿಕೊಳ್ಳಬೇಕು. ಅಂಥವರಿಗೆ ಹುಚ್ಚು ಹಿಡಿಸಿದ್ದು ಯಾವ ಆಟ ಗೊತ್ತೇ? ಕಬಡ್ಡಿ. ಉಸಿರು ಬಿಗಿಹಿಡಿದು ಎದುರಾಳಿಯ ಅಂಕಣಕ್ಕೆ ನುಗ್ಗುವ ಆಟ. ಯಾರೇ ರೈಡಿಗೆ ಹೋದರೂ ಇವರೂ ಜೊತೆಗೆ ಉಸಿರು ಹಿಡಿಯುವರು. ಹತ್ತು ಎಣಿಸುವುದರೊಳಗೆ ಕೆಮ್ಮು ಬರುತ್ತಿತ್ತು. ಕೆಮ್ಮಿ ಮುಗಿಸಿ, "ನಾನ್ ಔಟು" ಎಂದು ನಗುವರು. ಆ ನಗು ನೋಡಿದವರಿಗೆ ಅವರಿಗೆ ಕಾಯಿಲೆ ಇದೆ ಎಂದು ಮರೆತೇ ಹೋಗುತ್ತಿತ್ತು.

ನನ್ನನ್ನು ಅವರು ಹಿಡಿದದ್ದು ನನ್ನ ಮನೆಯ ಟಿವಿ ಕೆಟ್ಟಾಗ. ಆ ವೇಳೆಗೆ ಅವರ ಕೇಬಲ್ಲು ಬಂಗಾರಪೇಟೆಗೂ ಹಬ್ಬಿತ್ತು. ಪಡಸಾಲೆಯಲ್ಲಿ ನಾನು ಹತ್ತನೇ ಕ್ಲಾಸಿನವರಿಗೆ ಸಂಧಿ ಸಮಾಸ ಹೇಳಿಕೊಡುತ್ತಾ, ಹೇಳಿಕೊಡುವುದಕ್ಕಿಂತ ಹೆಚ್ಚು ಬೈಯುತ್ತಾ ಇದ್ದೆ. ಮಾಳಿಗೆಯ ಮೇಲಿಂದ ಇಳಿದು ಬಂದವರು ಬಾಗಿಲಲ್ಲಿ ನಿಂತರು.

"ಟೀಚರಮ್ಮ, ನಿಮ್ ಗಂಟ್ಲು ಮೈಕಿಲ್ದೇನೆ ಬೇತಮಂಗಲಕ್ಕೆ ಕೇಳ್ತೈತೆ. ಒಂದ್ ಕೆಲಸ ಐತೆ, ಬತ್ತೀರಾ?"

ಕೆಲಸವೆಂದರೆ ಕಬಡ್ಡಿ ವಿವರಣೆ. ಗಣಿಯ ಕಾಲೊನಿಗಳೂ ಸುತ್ತಲ ಹಳ್ಳಿಗಳೂ ಸೇರಿ ಆರು ತಂಡ ಮಾಡಬೇಕು, ಪ್ರತಿ ತಂಡಕ್ಕೂ ಒಬ್ಬ ಯಜಮಾನ ಇರಬೇಕು, ಆಟಗಾರರಿಗೆ ಸಂಬಳ ಕೊಡಬೇಕು, ಭಾನುವಾರ ಮಧ್ಯಾಹ್ನ ತಮ್ಮ ಚಾನೆಲ್ಲಿನಲ್ಲಿ ನೇರವಾಗಿ ತೋರಿಸಬೇಕು. ಇದು ಅವರ ಯೋಜನೆ. ನನಗೆ ಕಬಡ್ಡಿಯ ಗಂಧಗಾಳಿ ಇರಲಿಲ್ಲ. ಮೊದಲ ಪಂದ್ಯದಲ್ಲಿ ನಾನು, "ದಾಳಿಕಾರನು ಮೂಲೆಯ ರಕ್ಷಕನ ಪಾದವನ್ನು ಸ್ಪರ್ಶಿಸಲು ಯತ್ನಿಸುತ್ತಿದ್ದಾನೆ" ಎಂದು ಶುದ್ಧ ಪಠ್ಯಪುಸ್ತಕದ ಕನ್ನಡದಲ್ಲಿ ಶುರು ಮಾಡಿದೆ. ಅವರು ಬಗ್ಗಿ ಕಿವಿಯಲ್ಲಿ ಹೇಳಿದರು. "ನೀವ್ ಅಷ್ಟು ಏಳೋದ್ರೊಳಗೆ ಅವ್ನು ಔಟಾಗಿ, ಸ್ನಾನ ಮಾಡಿ, ಮನೆಗ್ ಓಗಿರ್ತಾನೆ ಕಣಮ್ಮ." ಅಂದಿನಿಂದ ನನ್ನ ಭಾಷೆ ರಿಪೇರಿಯಾಯಿತು. ಕನ್ನಡದಲ್ಲಿ ಶುರುವಾಗಿ, ಬಿಸಿ ಏರಿದ ಹಾಗೆ ತಮಿಳಿಗೋ ತೆಲುಗಿಗೋ ಹಾರಿ, ಅಂಕ ಬಂದಾಗ ಮತ್ತೆ ಕನ್ನಡಕ್ಕೆ ಬರುವ ನಮ್ಮೂರ ಮಾತನ್ನೇ ನಾನೂ ಆಡತೊಡಗಿದೆ.

ತಂಡಗಳನ್ನು ಹರಾಜು ಹಾಕಿದ್ದು ಬಂಗಾರಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ. ಬಂಗಾರಪೇಟೆ ತಂಡಕ್ಕೆ ಪೈಪೋಟಿಯೋ ಪೈಪೋಟಿ. ಕೊನೆಗೆ ಅದನ್ನು ಹಿಡಿದವರು ಟೊಮೇಟೊ ಮಂಡಿಯ ಯಜಮಾನರು, ಬಿಳಿ ಪಂಚೆ, ದಪ್ಪ ಮೀಸೆ, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಗತ್ತು. ಉರಿಗಾಂ, ಮಾರಿಕುಪ್ಪಂ, ಬೇತಮಂಗಲ, ಕಾಮಸಮುದ್ರ ಎಲ್ಲಕ್ಕೂ ಒಬ್ಬೊಬ್ಬರು ಸಿಕ್ಕರು. ಚಾಂಪಿಯನ್ ರೀಫ್ಸ್ ಎಂದು ಕೂಗಿದಾಗ ಎಲ್ಲರೂ ತಂತಮ್ಮ ತಟ್ಟೆ ನೋಡಿಕೊಂಡರು. ಗಣಿಯ ಹಳೇ ಮನೆಸಾಲುಗಳ ಊರು, ಅಂಗಡಿ ಇಲ್ಲ, ವ್ಯಾಪಾರ ಇಲ್ಲ, ಯಾರು ಕೊಳ್ಳುತ್ತಾರೆ? ಮೂರು ಸಲ ಕೂಗಿದರೂ ಒಂದು ಕೈ ಮೇಲೇಳಲಿಲ್ಲ.

ಆಗ ಅಡಿಗೆಮನೆಯ ಬಾಗಿಲಿಂದ ಒಂದು ಸೌಟು ಮೇಲೆದ್ದಿತು. ಸಭೆಗೆ ಬಂದವರಿಗೆ ಇಡ್ಲಿ ಕೊಡಲು ಗೊತ್ತು ಮಾಡಿದ್ದ ಹೆಂಗಸು. ಗಣಿ ಕಾರ್ಮಿಕನೊಬ್ಬನ ಮಗಳು, ಗಂಡನನ್ನು ಕಳೆದುಕೊಂಡು ಚಾಂಪಿಯನ್ ರೀಫ್ಸಿನಲ್ಲಿ ಪುಟ್ಟ ಇಡ್ಲಿ ಅಂಗಡಿ ಇಟ್ಟಿದ್ದವಳು.

"ಎನ್ನಣ್ಣಾ ಇದು, ನಮ್ಮೂರ್ ಹೆಸರು ಮೂರ್ ಸಾರಿ ಕೂಗಿದ್ರೂ ಯಾರೂ ಇಲ್ಲ ಅಂದ್ರೆ? ನಾನ್ ತಗೊಂತೀನಿ."

ಮಂಡಿ ಯಜಮಾನರು ಇಡ್ಲಿ ಬಾಯಲ್ಲಿಟ್ಟುಕೊಂಡೇ ನಕ್ಕರು. "ಒಟ್ಟೆಗೆ ಇಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಊವು ಅಂತಾರಲ್ಲ, ಅದು ಇದೇ ನೋಡ್ರಪ್ಪ."

"ಹೊಟ್ಟೆಗೆ ನಾನೇ ಹಾಕ್ತಾ ಇರೋದು ಸಾಮಿ, ನಿಮ್ಗೂ ಸೇರ್ಸಿ" ಎಂದಳು ಆಕೆ. ಮಂಟಪ ಹೊರಳಾಡಿ ನಕ್ಕಿತು. ಕೇಬಲ್ಲಿನವರು ನಗಲಿಲ್ಲ. ತಂಡಗಳ ಪಟ್ಟಿಯಲ್ಲಿ ಆಕೆಯ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದು, "ಬಾ ತಂಗಚ್ಚಿ, ಇಲ್ಲಿ ಮುಂದೆ ಕೂತ್ಕೊ. ಯಜಮಾನ್ರು ಕೂರೋ ಸಾಲು ಇದು" ಎಂದು ಕುರ್ಚಿ ಎಳೆದು ಕೊಟ್ಟರು.

ಮೊದಲ ವರ್ಷ ಅವರು ಒಂದು ಭಾರಿ ತಪ್ಪು ಮಾಡಿದರು. ಟಿವಿಯಲ್ಲಿ ಪುಕ್ಕಟೆ ತೋರಿಸುತ್ತಾ, ಮೈದಾನದ ಬಾಗಿಲಲ್ಲಿ ಟಿಕೆಟ್ ಇಟ್ಟರು. ಮನೆಯಲ್ಲಿ ಚಾಪೆ ಮೇಲೆ ಉರುಳಿಕೊಂಡು ನೋಡುವ ಆಟವನ್ನು ಬಿಸಿಲಲ್ಲಿ ದುಡ್ಡು ಕೊಟ್ಟು ಯಾರು ನೋಡುತ್ತಾರೆ? ಮೂರನೇ ಭಾನುವಾರದ ಹೊತ್ತಿಗೆ ಮೈದಾನದಲ್ಲಿ ಆಟಗಾರರೂ, ಅವರ ತಾಯಂದಿರೂ, ಕಡಲೆಕಾಯಿ ಮಾರುವವನೂ ಮಾತ್ರ ಉಳಿದಿದ್ದರು. ಆರು ಯಜಮಾನರೂ ಸೇರಿ ಅವರ ಮೇಲೆ ಹರಿಹಾಯ್ದರು. ನಿನ್ನ ಟಿವಿಯಿಂದಲೇ ನಮ್ಮ ಟಿಕೆಟ್ ಹಾಳಾಯಿತು, ಇನ್ನು ಮೇಲೆ ಕ್ಯಾಮೆರಾ ತರಬೇಡ ಎಂದರು.

ಇನ್ನೊಂದೇ ಭಾನುವಾರ ತೋರಿಸುತ್ತೇನೆಂದು ಕೇಳಿಕೊಂಡು, ಅವರು ವಾರವಿಡೀ ಯೋಚಿಸಿದರು. ಯೋಚಿಸುವುದೆಂದರೆ ಬೀದಿಬೀದಿ ತಿರುಗುವುದು. ಭಾನುವಾರ ಮಧ್ಯಾಹ್ನ ಯಾವ ಬೀದಿಗೆ ಹೋದರೂ ಎಲ್ಲ ಮನೆಯಿಂದಲೂ ನನ್ನ ಗಂಟಲೇ ಕೇಳುತ್ತಿತ್ತಂತೆ. ಸೋಮವಾರ ನಮ್ಮ ಮನೆಗೆ ಬಂದರು. ತಟ್ಟೆಗೆ ಚಹಾ ಸುರಿದುಕೊಂಡು ಹೀರುತ್ತಾ ಹೇಳಿದರು.

"ಟೀಚರಮ್ಮ, ಜನ ಎಲ್ಲೂ ಓಗಿಲ್ಲ. ಎಲ್ಲಾ ಮನೇಲವ್ರೆ. ಗ್ರೌಂಡಲ್ಲಿರೋನು ಆಟ ನೋಡ್ತಾನೆ, ಮನೇಲಿರೋನು ಆಟದ್ ಜೊತೆ ಅಂಗಡೀನೂ ನೋಡ್ತಾನೆ. ನಾವು ಮಾರ್ಬೇಕಾಗಿರೋದು ಟಿಕೆಟ್ ಅಲ್ಲ ಕಣಮ್ಮ, ಅವ್ರ ಕಣ್ಣು."

ಈ ಒಂದು ಮಾತಿನಲ್ಲಿ ಜಗತ್ತಿನ ಎಲ್ಲ ದೊಡ್ಡ ತಂಡಗಳ ವ್ಯಾಪಾರವೂ ಇದೆ ಎಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಟಿಕೆಟ್ ತೆಗೆದು ಮೈದಾನಕ್ಕೆ ಎಲ್ಲರನ್ನೂ ಬಿಟ್ಟರು. ಚಾಟ್ ಅಂಗಡಿ, ಸೀರೆ ಅಂಗಡಿ, ಬೋರ್‌ವೆಲ್ ಲಾರಿಯವರು, ಟ್ಯೂಷನ್ ಸೆಂಟರು, ಎಲ್ಲರ ಹತ್ತಿರವೂ ಹೋಗಿ ಜಾಹೀರಾತು ತಂದರು. ಬರೆದುಕೊಟ್ಟವಳು ನಾನು. ಬಂಗಾರಪೇಟೆಯ ಪಾನಿಪುರಿಯ ನೀರು ತಿಳಿಯಾಗಿದ್ದರೂ ಕಣ್ಣಲ್ಲಿ ನೀರು ತರಿಸುತ್ತದಲ್ಲ, ಅದರ ಮೇಲೆ ನಾನು ಕಟ್ಟಿದ ನಾಲ್ಕು ಸಾಲಿನ ಪದ್ಯ ಈಗಲೂ ಕೆಲವರ ಬಾಯಲ್ಲಿದೆ. ಷಟ್ಪದಿ ಕಲಿಸಿದ್ದಕ್ಕೆ ಯಾರೂ ನನ್ನನ್ನು ನೆನೆಯುವುದಿಲ್ಲ, ಇರಲಿ.

ಅದರಲ್ಲೂ ಒಂದು ಎಡವಟ್ಟಾಯಿತು. ಬೇತಮಂಗಲ, ಉರಿಗಾಂ ಪಂದ್ಯದ ಕೊನೆಯ ರೈಡು, ಎರಡೂ ಕಡೆ ಸಮ ಸಮ ಅಂಕ. ಸರಿಯಾಗಿ ಆ ಗಳಿಗೆಗೆ ಪರದೆಯ ಮೇಲೆ ಬೋರ್‌ವೆಲ್ ಲಾರಿ ಬಂದು ಭೂಮಿ ಕೊರೆಯತೊಡಗಿತು. ಲಾರಿ ಹೋಗುವಷ್ಟರಲ್ಲಿ ಆಟ ಮುಗಿದು ಆಟಗಾರರು ಕೈಕುಲುಕುತ್ತಿದ್ದರು. ಮರುದಿನ ಬೆಳಿಗ್ಗೆ ಉರಿಗಾಂನ ಕೇಬಲ್ ಕೋಣೆಯ ಮುಂದೆ ಎರಡೂ ಊರಿನವರು ಒಟ್ಟಾಗಿ ಸೇರಿದ್ದರು. ಇವರು ಹೊರಗೆ ಬಂದು ಕೈಮುಗಿದು, "ತಪ್ಪಾಯ್ತು. ರೈಡ್ ನಡೀತಿರೋವಾಗ ಇನ್ ಮೇಲೆ ದೇವ್ರೇ ದುಡ್ ಕೊಟ್ರೂ ಅಡ್ವಟೈಸ್ ಆಕಲ್ಲ" ಎಂದರು. ಕೊನೆಯವರೆಗೂ ಹಾಕಲಿಲ್ಲ.

ಜಾಹೀರಾತಿನ ದುಡ್ಡು ಬಂದಾಗ ಅದನ್ನು ಏಳು ಸಮಪಾಲು ಮಾಡಿದರು. ಆರು ತಂಡಕ್ಕೆ ಆರು, ಕ್ಯಾಮೆರಾ ವೈರು ಮೈಕು ಇತ್ಯಾದಿಗೆ ಒಂದು. ಕಪ್ ಗೆದ್ದ ಬಂಗಾರಪೇಟೆಗೂ ಅಷ್ಟೇ, ಒಂದೂ ಗೆಲ್ಲದ ಚಾಂಪಿಯನ್ ರೀಫ್ಸಿಗೂ ಅಷ್ಟೇ. ಲಾಭವೆಂದರೆ ಕೊಪ್ಪರಿಗೆ ತುಂಬುವಂಥದ್ದೇನಲ್ಲ. ಆಟಗಾರರ ಸಂಬಳ, ಊಟ, ಬನಿಯನ್ನು ಕಳೆದು ಯಜಮಾನರ ಕೈಯಲ್ಲಿ ಹಬ್ಬಕ್ಕಾಗುವಷ್ಟು ಉಳಿಯುತ್ತಿತ್ತು. ಆದರೆ ಸೋಲಲಿ ಗೆಲ್ಲಲಿ ತಿಂಗಳ ಕೊನೆಗೆ ಬಂದೇ ಬರುತ್ತದೆ ಎಂಬ ಧೈರ್ಯ ಇತ್ತಲ್ಲ, ಅದರ ಮೇಲೇ ಇಡ್ಲಿಯಮ್ಮ ಹನ್ನೆರಡು ಮಂದಿಯನ್ನು ಬೆಂಗಳೂರಿನ ಕೂಲಿ ರೈಲು ಹತ್ತದಂತೆ ತಡೆದಿದ್ದಳು. ಆಟದ ನಾಲ್ಕು ತಿಂಗಳು ಅವರು ಬೆಳಿಗ್ಗೆ ಎದ್ದು ಸ್ಟೇಷನ್ನಿನ ಬದಲು ಮೈದಾನಕ್ಕೆ ಹೋಗುತ್ತಿದ್ದರು.

ಸಮಪಾಲು ಯಾಕೆ ಎಂದು ನಾನು ಕೇಳಿದ್ದೆ. ನನ್ನ ಕ್ಲಾಸಿನಲ್ಲಿ ಓದದವನಿಗೂ ಓದಿದವನಿಗೂ ಒಂದೇ ಅಂಕ ಕೊಟ್ಟರೆ ನಡೆಯುತ್ತದೆಯೇ? ಆಗ ಅವರು ಗಣಿಯ ಊಟದ ಮಾತು ಹೇಳಿದರು. ಭೂಮಿಯೊಳಗೆ ಊಟದ ಹೊತ್ತಾದಾಗ ಅವರ ಗ್ಯಾಂಗಿನವರು ಗೋಣಿತಾಟಿನ ಮೇಲೆ ಒಂದು ದೊಡ್ಡ ತಟ್ಟೆ ಇಟ್ಟು, ತಲೆಯ ದೀಪಗಳನ್ನೆಲ್ಲ ಗೋಡೆಯ ಕಡೆ ತಿರುಗಿಸಿ, ಎಲ್ಲರೂ ಒಟ್ಟಿಗೆ ಕ್ಯಾರಿಯರ್ ಬಗ್ಗಿಸುತ್ತಿದ್ದರಂತೆ. ಮುದ್ದೆ, ಅನ್ನ, ಇಡ್ಲಿ, ಸಾರು ಎಲ್ಲ ಒಂದೇ ರಾಶಿ. ಆಮೇಲೆ ದೀಪ ಈ ಕಡೆ ತಿರುಗಿಸಿ ಉಣ್ಣುವುದು.

"ದೀಪ ಯಾಕೆ ತಿರುಗ್ಸೋದು?"

"ಅವತ್ತು ಯಾರ್ ಕ್ಯಾರಿಯರ್ ಖಾಲಿ ಐತೆ ಅಂತ ಯಾರ್ಗೂ ಗೊತ್ತಾಗ್ಬಾರ್ದಲ್ಲ ಟೀಚರಮ್ಮ. ಗೊತ್ತಾದ್ರೆ ಅವ್ನು ನಾಳೆ ಊಟಕ್ಕೆ ಕೂರಲ್ಲ. ಅವ್ನಿಲ್ದೆ ಓದ್ರೆ ನಮ್ ಮೇಲಿನ್ ಕಲ್ಲಿಗೆ ಕಂಬ ಕೊಡೋನ್ ಯಾರು?"

ನಾನು ಒಪ್ಪಿಕೊಂಡೆ. ಅಂಕ ಕೊಡುವುದರಲ್ಲಿ ಮಾತ್ರ ಕೊನೆಯವರೆಗೂ ಬಿಗಿಯಾಗಿಯೇ ಇದ್ದೆ, ಅದು ಬೇರೆ ವಿಷಯ.

ಮೂರನೇ ವರ್ಷ ಅಸಲಿ ಗಂಡಾಂತರ ಬಂತು. ಮಂಡಿ ಯಜಮಾನರ ತಂಡ ಎರಡು ಸಲ ಕಪ್ ಗೆದ್ದಿತ್ತು. ಅವರಲ್ಲೊಬ್ಬ ಕಾಮಸಮುದ್ರದ ಕಡೆಯ ರೈಡರ್ ಇದ್ದ. ಅವನು ಅಂಕಣಕ್ಕೆ ಇಳಿದರೆ ಮೂರು ಭಾಷೆಯಲ್ಲೂ ಶಿಳ್ಳೆ ಬೀಳುತ್ತಿತ್ತು. ಒಂದು ದಿನ ಮಂಡಿ ಯಜಮಾನರು ಕೇಬಲ್ ಕೋಣೆಗೆ ಬಂದರು. ಜಾಹೀರಾತು ಬರೆದುಕೊಡಲು ನಾನೂ ಅಲ್ಲೇ ಇದ್ದೆ.

"ನೋಡಯ್ಯ, ಜನ ನೋಡೋದು ನಮ್ ಉಡುಗನ್ನ. ಅಂಗಡಿಯೋರು ದುಡ್ ಕೊಡೋದು ನಮ್ ಉಡುಗನ್ ಮುಖ ನೋಡಿ. ಸೋಲೋರ್ಗೆ ನಮ್ಮಷ್ಟೇ ಪಾಲು ಅಂದ್ರೆ ಯಾವ್ ನ್ಯಾಯ? ಗೆದ್ದಷ್ಟು ಪಾಲು ಮಾಡು."

"ಆಗಲ್ಲ ಯಜಮಾನ್ರೇ."

"ಆಗಲ್ವಾ? ಸರಿ. ಅಂಗಡಿಯೋರ್ಗೆ ಏಳಿದೀನಿ. ನಾನ್ ಊ ಅನ್ನೋವರ್ಗೂ ಯಾರೂ ನಿಂಗೆ ದುಡ್ ಬಿಚ್ಚಲ್ಲ."

ಹಾಗೇ ಆಯಿತು. ಜಾಹೀರಾತು ಓಡುತ್ತಿತ್ತು, ಹಣ ಬರಲಿಲ್ಲ. ಮಿಕ್ಕ ನಾಲ್ವರು ಯಜಮಾನರಿಗೆ ಬೇರೆ ವ್ಯಾಪಾರವಿತ್ತು, ಒಂದೆರಡು ತಿಂಗಳು ತಡೆದುಕೊಳ್ಳುವರು. ಇಡ್ಲಿಯಮ್ಮನಿಗೆ ತಡೆಯುವ ಶಕ್ತಿ ಇರಲಿಲ್ಲ. ಸಂಬಳ ಕೊಡಲಾಗದೆ ಹೋದಾಗ ಆಕೆಯ ಆಟಗಾರರು ಒಬ್ಬೊಬ್ಬರಾಗಿ ಮತ್ತೆ ಬೆಳಗಿನ ರೈಲು ಹತ್ತಿದರು. ಆಕೆ ಕೋಣೆಗೆ ಬಂದು ಹೇಳಿದಳು. "ಅಣ್ಣಾ, ಬರೋ ಭಾನುವಾರ ಬಂಗಾರಪೇಟೆ ಮೇಲೆ ನಮ್ ಮ್ಯಾಚು. ಟೀಮ್ ಬರಲ್ಲ. ಮುಗೀತು." ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಹೊರಟೇಬಿಟ್ಟಳು.

ನನಗೆ ಸಿಟ್ಟು ಬಂತು. "ನಿಮ್ಮ ಕೈಯಿಂದ ಒಂದಿಷ್ಟು ಕೊಡಬಾರದಾ? ಆಮೇಲೆ ತಗೊಳ್ಳಬಹುದು" ಎಂದೆ.

"ನಾನ್ ಕೊಟ್ರೆ ಅದು ಧರ್ಮ ಆಗೋಗ್ತದೆ ಟೀಚರಮ್ಮ. ಅವ್ಳಿಗ್ ಬೇಕಾಗಿರೋದು ಅವ್ಳ ಪಾಲು" ಎಂದರು. ಆಮೇಲೆ ಎರಡು ದಿನ ಬೀದಿಬೀದಿ ತಿರುಗಿದರು.

ಭಾನುವಾರ ಬಂತು. ಬಂಗಾರಪೇಟೆಯ ಮೈದಾನ ತುಂಬಿತ್ತು. ಚಾಂಪಿಯನ್ ರೀಫ್ಸ್ ಬರಲಿಲ್ಲ. ಮಂಡಿ ಯಜಮಾನರು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು, "ಇನ್ನೇನು, ನಾವೇ ಗೆದ್ದಂಗೆ. ಬರ್ಕೊಳ್ಳಿ" ಎಂದರು.

ಕೇಬಲ್ಲಿನವರು ಅವರ ಮುಂದೆ ಕೈಕಟ್ಟಿ ನಿಂತರು. "ಬರ್ಕೊಂಡೆ ಯಜಮಾನ್ರೇ. ಆದ್ರೆ ಅಂಗಡಿಯೋರ್ಗೆ ನಲವತ್ತು ನಿಮಿಷ ಆಟ ತೋರಿಸ್ತೀನಿ ಅಂತ ಮಾತು ಕೊಟ್ಟಿದೀನಿ. ಮಾತು ಮಾತೇ ಅಲ್ವಾ? ನಿಮ್ ಉಡುಗ್ರು ಇಳೀಲಿ. ಜನ ನೋಡೋದು ಅವ್ರನ್ನೇ ತಾನೆ?"

ಮಂಡಿ ಯಜಮಾನರಿಗೆ ಹಟ. "ಇಳೀರೋ" ಎಂದರು. ಏಳು ಜನ ಇಳಿದರು. ಎದುರಿನ ಅರ್ಧ ಅಂಕಣ ಖಾಲಿ. ರೆಫರಿ ಪೀಪಿ ಊದಿದ. ಕ್ಯಾಮೆರಾ ಶುರುವಾಯಿತು. ನಾನು ಏನು ಹೇಳಲಿ? ನನ್ನ ಕರ್ಮ, ಹೇಳಿದೆ. "ಬಂಗಾರಪೇಟೆಯ ರೈಡರ್ ಗೆರೆ ದಾಟಿದರು. ಎಡಕ್ಕೆ ಹೋದರು, ಅಲ್ಲಿ ಯಾರೂ ಇಲ್ಲ. ಬಲಕ್ಕೆ ಹೋದರು, ಅಲ್ಲಿ ನಿಂಬೆಹಣ್ಣಿನ ಸಿಪ್ಪೆ ಬಿದ್ದಿದೆ. ವಾಪಸು ಬಂದರು." ಜನ ಮೊದಲು ನಕ್ಕರು. ಎರಡನೇ ರೈಡು, ಮೂರನೇ ರೈಡು. ಐದನೇದರ ಹೊತ್ತಿಗೆ ಮೈದಾನದ ಅಂಚಿನವರು ಎದ್ದು ಹೋಗತೊಡಗಿದರು. ನಡುನಡುವೆ ನನ್ನ ಪಾನಿಪುರಿ ಪದ್ಯ ಬಂದು ಹೋಗುತ್ತಿತ್ತು. ಚಾಟ್ ಅಂಗಡಿಯವರು ಮಂಡಿ ಯಜಮಾನರಿಗೆ ಫೋನು ಮಾಡಿದ್ದು ನನಗೇ ಕೇಳಿಸಿತು, ಅಷ್ಟು ಜೋರು. ಯಜಮಾನ್ರೇ, ಇದೇನು ನನ್ನ ಅಂಗಡಿ ಹೆಸರನ್ನು ಖಾಲಿ ಅಂಕಣದ ಮೇಲೆ ತೋರಿಸುತ್ತಿದ್ದಾರೆ, ಮನೆಯಲ್ಲಿ ಹೆಂಗಸರು ಟಿವಿ ಆರಿಸಿ ಎದ್ದು ಹೋದರು, ಎಂದು. ಅದರ ಹಿಂದೆಯೇ ಸೀರೆ ಅಂಗಡಿಯವರದ್ದು. ಮಂಡಿ ಯಜಮಾನರು ಫೋನನ್ನು ಪಂಚೆಯ ಮಡಿಲಿಗೆ ಹಾಕಿಕೊಂಡರು.

ಅರ್ಧ ಆಟಕ್ಕೆ ಇನ್ನೂ ಒಂದಿಷ್ಟು ಹೊತ್ತಿತ್ತು. ಆ ಕಾಮಸಮುದ್ರದ ರೈಡರ್ ನಡುಗೆರೆಯ ಹತ್ತಿರ ನಿಂತ. ಖಾಲಿ ಅಂಕಣವನ್ನು ನೋಡಿದ. ಆಟ ಬಿಟ್ಟು ನೇರವಾಗಿ ಮಂಡಿ ಯಜಮಾನರ ಕುರ್ಚಿಯ ಹತ್ತಿರ ಬಂದ. ಮೈಯೆಲ್ಲ ಬೆವರು, ಕಣ್ಣಲ್ಲಿ ನೀರು.

"ಯಜಮಾನ್ರೇ, ನಾನ್ ಯಾರನ್ ಮುಟ್ಲಿ?"

ಅಷ್ಟೇ ಕೇಳಿದ್ದು. ಮಂಡಿ ಯಜಮಾನರ ಕುರ್ಚಿಯ ಕಾಲಿಗೆ ಒಂದು ಮೈಕು ಕಟ್ಟಿತ್ತು. ಆ ಮಾತು ಬಂಗಾರಪೇಟೆಯಿಂದ ಬೇತಮಂಗಲದವರೆಗೆ ಎಲ್ಲ ಮನೆಯಲ್ಲೂ ಕೇಳಿಸಿತು. ಆ ಕುರ್ಚಿಯವರೆಗೆ ಮೈಕಿನ ವೈರನ್ನು ಯಾಕೆ ಎಳೆದಿದ್ದಿರಿ ಎಂದು ಅವರನ್ನು ನಾನು ಯಾವತ್ತೂ ಕೇಳಲಿಲ್ಲ. ಕೇಳಿದ್ದರೆ ಜನರ ಚಪ್ಪಾಳೆ ಹಿಡಿಯೋಕೆ ಅನ್ನುತ್ತಿದ್ದರು.

ಮಂಡಿ ಯಜಮಾನರು ಗಂಟಲು ಸರಿಮಾಡಿಕೊಂಡರು. ಎದ್ದು ಜೀಪು ಹತ್ತಿದರು. ಸಿಟ್ಟಿನಿಂದ ಮನೆಗೆ ಹೋದರೆಂದು ನಾವು ಅಂದುಕೊಂಡೆವು. ಅವರು ಹೋದದ್ದು ಚಾಂಪಿಯನ್ ರೀಫ್ಸಿಗೆ. ಮುಂದಿನದನ್ನು ಇಡ್ಲಿಯಮ್ಮನೇ ನನಗೆ ಹೇಳಿದ್ದು. ಬಂದವರು ನೇರವಾಗಿ ಬೆಂಚಿನ ಮೇಲೆ ಕೂತರಂತೆ. ಬೆಳಗಿನ ತಣ್ಣಗಿನ ಇಡ್ಲಿ ನಾಲ್ಕು ಉಳಿದಿತ್ತು, ಅದನ್ನೇ ತಿಂದರಂತೆ. ಕೈ ತೊಳೆದು, "ಚಟ್ನಿಗೆ ಖಾರ ಜಾಸ್ತಿ ಆಗೈತೆ ಕಣಮ್ಮ. ಅಂಗಡಿಯೋರು ನಾಳೆ ದುಡ್ ಕೊಡ್ತಾರೆ, ಎಲ್ರಿಗೂ ಒಂದೇ ಪಾಲು. ಬರೋ ಭಾನುವಾರ ತಂಡ ಕಳ್ಸು" ಎಂದರಂತೆ. ಆಕೆ, "ಖಾರ ಇರೋದು ಹಾಗೇನೇ ಸಾಮಿ. ಕಳಿಸ್ತೀನಿ" ಎಂದಳಂತೆ. ದೊಡ್ಡ ಮನುಷ್ಯರು ತಪ್ಪು ಒಪ್ಪಿಕೊಳ್ಳುವ ರೀತಿ ಅದು. ಅದನ್ನು ಅಷ್ಟಕ್ಕೇ ಅರ್ಥ ಮಾಡಿಕೊಂಡ ಆಕೆಯೂ ದೊಡ್ಡವಳೇ.

ಆ ಸೋಮವಾರ ನಾನು ಕೇಬಲ್ ಕೋಣೆಗೆ ಹೋದಾಗ ಅವರು ಮೈಕಿನ ವೈರಿಗೆ ಕಪ್ಪು ಟೇಪು ಸುತ್ತುತ್ತಿದ್ದರು. ಗೆದ್ದೆ ಎಂದು ಬೀಗಲಿಲ್ಲ. "ಯಜಮಾನ್ರು ಒಳ್ಳೇರು ಕಣಮ್ಮ. ಅವ್ರಿಗ್ ಕಾಣ್ಸಿರ್ಲಿಲ್ಲ, ದೀಪ ಈ ಕಡೆ ತಿರುಗಿಸಿದ್ವಿ, ಅಷ್ಟೇ" ಎಂದರು. ನನಗೆ ಅವರ ಮೇಲೆ ಎಷ್ಟು ಹೆಮ್ಮೆಯಾಯಿತೆಂದರೆ, ಅದನ್ನು ಹೇಳಲಾರದೆ, ಕೋಣೆ ಎಷ್ಟು ಗಲೀಜು ಎಂದು ಬೈದು ಪೊರಕೆ ಹುಡುಕಿದೆ.

ಅಲ್ಲಿಂದ ಎಷ್ಟೋ ವರ್ಷ ನಡೆಯಿತು. ಚಾಂಪಿಯನ್ ರೀಫ್ಸ್ ಇಷ್ಟು ವರ್ಷಗಳಲ್ಲಿ ಒಂದು ಸಲವೂ ಕಪ್ ಗೆದ್ದಿಲ್ಲ. ಆದರೆ ಆ ತಂಡದಲ್ಲಿ ಆಡಿದವರಲ್ಲಿ ಇಬ್ಬರು ಶಾಲೆಗಳಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದಾರೆ, ಒಬ್ಬ ಪೊಲೀಸ್ ತಂಡಕ್ಕೆ ಆಡುತ್ತಾನೆ. ಇವರೆಲ್ಲ ನನ್ನನ್ನು ಕಂಡರೆ ಟೀಚರ್ ಎಂದು ನಿಲ್ಲುತ್ತಾರೆ. ನಾನು ಅವರಿಗೆ ಒಂದು ಅಕ್ಷರ ಕಲಿಸಿದವಳಲ್ಲ, ಅವರು ಬಿದ್ದದ್ದನ್ನೂ ಎದ್ದದ್ದನ್ನೂ ಮೈಕಿನಲ್ಲಿ ಕೂಗಿದವಳು.

ಕೊನೆಕೊನೆಗೆ ಅವರಿಗೆ ಕಂಬ ಹತ್ತುವುದಿರಲಿ, ಮೈದಾನಕ್ಕೆ ಬರುವುದೂ ಆಗಲಿಲ್ಲ. ಉರಿಗಾಂನ ಮನೆಯಲ್ಲಿ ದಿಂಬಿಗೊರಗಿ ಆಟ ನೋಡುತ್ತಿದ್ದರು. ನಾನು ನೋಡಲು ಹೋಗಿದ್ದ ದಿನವೂ ಟಿವಿಯಲ್ಲಿ ಯಾರೋ ರೈಡಿಗೆ ಹೋದ. ಅಭ್ಯಾಸಬಲ, ಇವರು ಉಸಿರು ಹಿಡಿದರು. ಮೂರು ಎಣಿಸುವುದರೊಳಗೆ ಕೆಮ್ಮು. "ನಾನ್ ಔಟು ಟೀಚರಮ್ಮ" ಎಂದರು, ನಕ್ಕರು. ನಾನು ನಗಲಿಲ್ಲ. ಅದಾದ ಹದಿನೈದು ದಿನಕ್ಕೆ ಹೋದರು. ಅವರನ್ನು ಹೊತ್ತವರು ಆರು ತಂಡದವರೂ. ಬೇರೆ ಬೇರೆ ಬಣ್ಣದ ಬನಿಯನ್ನುಗಳಲ್ಲೇ ಬಂದಿದ್ದರು.

ಈಗ ಕೇಬಲ್ಲು ನೋಡುವವರು ಕಡಿಮೆ, ಎಲ್ಲರೂ ಫೋನಿನಲ್ಲೇ ನೋಡುತ್ತಾರೆ. ಕಳೆದ ವಾರ ಬೆಂಗಳೂರಿನಿಂದ ಒಂದು ಕಂಪನಿಯವರು ನಮ್ಮ ಕಬಡ್ಡಿಯನ್ನು ಫೋನಿನಲ್ಲಿ ತೋರಿಸಲು ಒಪ್ಪಂದಕ್ಕೆ ಬಂದಿದ್ದರು. ಅದೇ ಕಲ್ಯಾಣ ಮಂಟಪ, ಅದೇ ಮುಂದಿನ ಸಾಲು. ಮಂಡಿ ಯಜಮಾನರಿಗೆ ವಯಸ್ಸಾಗಿದೆ, ಕೋಲು ಹಿಡಿದು ಬಂದಿದ್ದರು. ಪಕ್ಕದಲ್ಲಿ ಇಡ್ಲಿಯಮ್ಮ. ನಾನು ಹಿಂದೆ ಕೂತಿದ್ದೆ. ಕಂಪನಿಯ ಅಧಿಕಾರಿ ಗೋಡೆಯ ಮೇಲೆ ಚಿತ್ರ ತೋರಿಸುತ್ತಾ ಚೆಂದವಾಗಿ ವಿವರಿಸಿದರು. ಅತಿ ಹೆಚ್ಚು ಜನ ನೋಡುವುದು ಬಂಗಾರಪೇಟೆಯ ಆಟ. ಆದ್ದರಿಂದ ಅದಕ್ಕೆ ದೊಡ್ಡ ಪಾಲು, ಉಳಿದವರಿಗೆ ಇಳಿಮುಖವಾಗಿ, ಕೊನೆಯ ತಂಡವನ್ನು ಬೇಕಿದ್ದರೆ ಕೈಬಿಡಬಹುದು. ಸರ್, ಇದರಿಂದ ನಿಮಗೇ ಲಾಭ, ಎಂದು ಮಂಡಿ ಯಜಮಾನರ ಕಡೆ ನೋಡಿ ನಕ್ಕರು.

ಇದಕ್ಕೆ ಉತ್ತರ ಹೇಳಬೇಕಾದವರು ಇರಲಿಲ್ಲ. ಇಡ್ಲಿಯಮ್ಮ ನೆಲ ನೋಡುತ್ತಿದ್ದಳು.

ಮಂಡಿ ಯಜಮಾನರು ಗಂಟಲು ಸರಿಮಾಡಿಕೊಂಡರು. "ಲಾಭ ಸರಿ ಕಣಪ್ಪ. ಈಯಮ್ಮನ್ ತಂಡ ಇಲ್ದಿದ್ರೆ ನಮ್ ಉಡುಗ ಯಾರನ್ ಮುಟ್ಬೇಕು?"

ಅಧಿಕಾರಿಗೆ ಅರ್ಥವಾಗಲಿಲ್ಲ. ಮಂಟಪದಲ್ಲಿದ್ದ ಉಳಿದ ಎಲ್ಲರಿಗೂ ಅರ್ಥವಾಯಿತು. ಯಜಮಾನರು ಕೋಲಿನಿಂದ ಗೋಡೆಯ ಚಿತ್ರವನ್ನು ತೋರಿಸಿ, "ಅದೆಲ್ಲ ಅಳಿಸ್ಬಿಡು. ಎಲ್ರಿಗೂ ಒಂದೇ ಪಾಲು ಅಂತ ಬರ್ಕೊ. ಇಲ್ಲಾಂದ್ರೆ ಕಾಫಿ ಕುಡ್ಕೊಂಡು ಓಗು" ಎಂದರು. ಅಧಿಕಾರಿ ಒಂದೆರಡು ಫೋನು ಮಾಡಿ ಬಂದು ಹಾಗೇ ಬರೆದುಕೊಂಡರು.

ಮೊನ್ನೆ ಭಾನುವಾರ ಮೊದಲ ಪಂದ್ಯ, ಬಂಗಾರಪೇಟೆಗೂ ಚಾಂಪಿಯನ್ ರೀಫ್ಸಿಗೂ. ನಾನೇ ವಿವರಣೆ ಹೇಳಿದೆ. ಚಾಂಪಿಯನ್ ರೀಫ್ಸ್ ಕೊನೆಯವರೆಗೂ ಹೋರಾಡಿ ಸೋತಿತು. ಆಟ ಮುಗಿದ ಮೇಲೆ ಮೈಕು ಹಿಡಿದುಕೊಂಡು ಇಡ್ಲಿಯಮ್ಮನ ಹತ್ತಿರ ಹೋಗಿ, ಏನಮ್ಮ, ಮತ್ತೆ ಸೋತಿರಲ್ಲ ಎಂದೆ.

"ಅದಕ್ಕೇನಕ್ಕ" ಎಂದಳು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ. "ಬರೋ ವಾರ ನೋಡ್ಕೊಂತೀವಿ."